500 ಕ್ರೋನರ್ ನೋಟಿನ ಯಮ್ಮ

ನೋಡಮ್ಮ, ನಿನ್ನ ಪತ್ರ ಎರಡು ಸಲ ಓದಿದೆ. ಸ್ವೀಡನ್ನಿನ ಈ ಮಾಲ್ಮೊಗೆ ಬಂದು ಐದು ತಿಂಗಳು. ಗಂಡ ಬೆಳಗ್ಗೆ ಹೋದರೆ ಬರುವುದು ಸಂಜೆಗೆ. ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲು. ಊರಿಗೆ ಫೋನ್ ಮಾಡಿದರೂ ಅಳು, ಮಾಡದಿದ್ದರೂ ಅಳು. ಎಂಟು ವರ್ಷ ಕಲಿತ ಸಂಗೀತವನ್ನು ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ ಅಂತ ಬಿಟ್ಟು ಕೂತಿದ್ದೀಯ. ಇದರ ಮಧ್ಯೆ ಎಸ್‌ಎಫ್‌ಐ, ಅಂದರೆ ವಲಸೆ ಬಂದವರಿಗೆ ಸ್ವೀಡಿಶ್ ಕಲಿಸುವ ಕ್ಲಾಸಿನ ಟೀಚರ್ ಒಂದು ಹೋಮ್‌ವರ್ಕ್ ಕೊಟ್ಟಿದ್ದಾರೆ: 500 ಕ್ರೋನರ್ ನೋಟಿನ ಮೇಲಿರುವ ಹೆಂಗಸಿನ ಬಗ್ಗೆ ಐದು ನಿಮಿಷ ಸ್ವೀಡಿಶ್‌ನಲ್ಲಿ ಮಾತಾಡಬೇಕು. "ಯಾರಕ್ಕಾ ಆಕೆ?" ಅಂತ ಕೇಳಿದ್ದೀಯ. ಕೊನೆಯಲ್ಲಿ, ಸಂಕೋಚಪಟ್ಟುಕೊಂಡು ಬರೆದ ಹಾಗೆ, ಇನ್ನೊಂದು ಪ್ರಶ್ನೆ: "ಊರನ್ನ ಮರೆತರೇನೇ ಇಲ್ಲಿ ಸೆಟ್ಲ್ ಆಗೋಕಾಗೋದಾ?"

ಎರಡಕ್ಕೂ ಒಟ್ಟಿಗೇ ಉತ್ತರ ಬರೆಯುತ್ತೇನೆ. ಅವನ್ನು ಬೇರೆ ಬೇರೆ ಮಾಡಲು ನನಗೆ ಬರುವುದಿಲ್ಲ.

ಮೊದಲು ಆ ನೋಟನ್ನು ಪರ್ಸಿನಿಂದ ತೆಗೆ. ಹೇಗೂ ಅದು ಅಲ್ಲೇ ಇರುತ್ತದೆ, ಈ ದೇಶದಲ್ಲಿ ನೋಟು ಖರ್ಚು ಮಾಡುವುದೇ ಕಷ್ಟ. ಬೇಕರಿಯಲ್ಲಿ ನೋಟು ಚಾಚಿದರೆ ಹುಡುಗಿ ‘ಕ್ಯಾಶ್ ಇಲ್ಲ’ ಅನ್ನುವ ಬೋರ್ಡ್ ತೋರಿಸಿದಳು ಅಂತ ಬರೆದಿದ್ದೀಯಲ್ಲ, 2008ರ ನವೆಂಬರಿನಲ್ಲಿ ನಾನು ಬಂದಾಗ ಹೀಗಿರಲಿಲ್ಲ. ಆಗ ನೋಟು ನಡೆಯುತ್ತಿತ್ತು. ನನ್ನ ಕೈಗೆ ಮೊದಲು ಬಂದದ್ದು 50ರ ನೋಟು. ಅದರ ಮೇಲೂ ಒಬ್ಬ ಹಾಡುಗಾರ್ತಿಯೇ ಇದ್ದಳು, ಯೆನ್ನಿ ಲಿಂಡ್, 19ನೇ ಶತಮಾನದವಳು. 500ರ ಮೇಲೆ ಆಗ ರಾಜ ಹನ್ನೊಂದನೇ ಕಾರ್ಲ್. 2016ರಲ್ಲಿ ಆ ರಾಜನನ್ನು ಎಬ್ಬಿಸಿ ಈ ಯಮ್ಮನನ್ನು ಕೂರಿಸಿದರು. ಹೆಸರು ಬಿರ್ಗಿಟ್ ನಿಲ್ಸನ್. ರೈತನ ಮಗಳು.

ನೋಟು ತಿರುಗಿಸು. ಹಿಂದೆ ಕಾಣುವುದು ಓರೆಸುಂಡ್ ಸೇತುವೆ. ಕೋಪನ್‌ಹೇಗನ್ ವಿಮಾನ ನಿಲ್ದಾಣದಿಂದ ಎರಡು ಸೂಟ್‌ಕೇಸು, ಒಂದು ಉಪ್ಪಿನಕಾಯಿ ಡಬ್ಬಿ ಹಿಡಿದು ರೈಲಿನಲ್ಲಿ ದಾಟಿ ಬಂದೆಯಲ್ಲ, ಅದೇ. ಮುಂದೆ ಆಕೆ, ಹಿಂದೆ ನೀನು ಬಂದ ದಾರಿ. ನಿನ್ನ ಐದು ನಿಮಿಷದ ಭಾಷಣಕ್ಕೆ ಇಲ್ಲಿಂದಲೇ ಶುರು ಮಾಡಬಹುದು.

ಹುಟ್ಟಿದ್ದು 1918ರ ಮೇ 17. ಊರು ವೆಸ್ತ್ರಾ ಕಾರುಪ್. ನಾವಿರುವ ಈ ಸ್ಕೋನೆ ಪ್ರಾಂತ್ಯದ ವಾಯವ್ಯ ಮೂಲೆಯಲ್ಲಿ, ಸಮುದ್ರಕ್ಕೆ ಚಾಚಿಕೊಂಡ ಒಂದು ತುಂಡು ನೆಲದಲ್ಲಿದೆ. ಆ ಭಾಗದ ಹೆಸರು ಬ್ಯಾರೆ. ಮೊದಲ ಸಲ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ "ಅದು ಬ್ಯಾರೆ, ಇದು ಬ್ಯಾರೆ" ಅಂತೀವಲ್ಲ, ಅದೇ ಉಚ್ಚಾರ! ಆಲೂಗಡ್ಡೆಗೆ ಹೆಸರುವಾಸಿ ಜಾಗ. ಜೂನ್‌ನಲ್ಲಿ ಮಿಡ್‌ಸಮ್ಮರ್ ಹಬ್ಬದ ದಿನ ಎಳೆ ಆಲೂಗಡ್ಡೆಗೆ ಸಬ್ಬಸಿಗೆ ಸೊಪ್ಪು ಹಾಕಿ ಬೇಯಿಸಿ, ಉಪ್ಪಿನಲ್ಲಿ ಹಾಕಿಟ್ಟ ಮೀನಿನ ಜೊತೆ ತಿನ್ನುತ್ತಾರೆ. ಬ್ಯಾರೆಯ ಆಲೂಗಡ್ಡೆ ಅಂದರೆ ಅವರಿಗೆ ನಂಜನಗೂಡು ರಸಬಾಳೆ ಇದ್ದ ಹಾಗೆ.

ಅಪ್ಪ ನಿಲ್ಸ್, ಅಮ್ಮ ಜಸ್ಟಿನಾ. ಒಬ್ಬಳೇ ಮಗಳು. ತಲೆತಲಾಂತರದಿಂದ ಬಂದ ಜಮೀನು. ಮಗಳು ಹಸು ಕರೆದಳು, ಆಲೂಗಡ್ಡೆ ಕಿತ್ತಳು, ಸಕ್ಕರೆ ಬೀಟ್ ಹೊಲದಲ್ಲಿ ಒತ್ತಾಗಿ ಹುಟ್ಟಿದ ಸಸಿಗಳನ್ನು ಕಿತ್ತು ಬಿಡಿ ಮಾಡಿದಳು. ಬಗ್ಗಿದ ಬೆನ್ನು ಎತ್ತುವ ಹಾಗಿಲ್ಲದ ಕೆಲಸ ಅದು. ಅಪ್ಪನ ಲೆಕ್ಕ ಸರಳವಾಗಿತ್ತು. ಮಗಳು ಒಬ್ಬ ರೈತನನ್ನು ಮದುವೆಯಾಗಬೇಕು, ಜಮೀನು ನೋಡಿಕೊಳ್ಳಬೇಕು. ಹಾಡು ಎಲ್ಲಾ ಚರ್ಚಿನ ಮಟ್ಟಿಗೆ ಸಾಕು.

ನನಗೆ ಇದು ಓದುವಾಗ ಯಾವ ಅನುವಾದವೂ ಬೇಕಾಗಲಿಲ್ಲ. ನಮ್ಮದು ಮದ್ದೂರು ತಾಲ್ಲೂಕು. ಕಬ್ಬಿನ ಗದ್ದೆ, ಆಲೆಮನೆ, ಎರಡು ಎಮ್ಮೆ. ನಮ್ಮಪ್ಪನೂ ಅದೇ ಲೆಕ್ಕ ಹಾಕಿದ್ದರು. ಇಲ್ಲಿಗೆ ಬಂದ ಮೊದಲ ಶರತ್ಕಾಲದಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ರಸ್ತೆ ಪಕ್ಕ ಮಣ್ಣು ಮೆತ್ತಿದ ಗಡ್ಡೆಗಳ ರಾಶಿ, ಆಳೆತ್ತರ. ಏನಿದು ಅಂತ ಕೇಳಿದರೆ ಸಕ್ಕರೆಗೆ ಅಂದರು. ಓರ್ತೊಫ್ತಾ ಅನ್ನುವಲ್ಲಿ ಸಕ್ಕರೆ ಕಾರ್ಖಾನೆ ಇದೆಯಂತೆ. ಗಡ್ಡೆಯಿಂದ ಸಕ್ಕರೆ! ಮಂಡ್ಯದವಳಿಗೆ ಇದನ್ನು ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ಟೈಮ್ ಬೇಕಾಯಿತು. ಆದರೆ ಕಾರ್ಖಾನೆಗೆ ಲೋಡ್ ಹೊರಟಾಗ ರಸ್ತೆಯೆಲ್ಲ ಕೆಸರು, ಹಿಂದೆ ನಿಂತ ಕಾರಿನವರ ಸಿಡುಕು, ಅದರಲ್ಲಿ ಏನೂ ಬ್ಯಾರೆ ಇರಲಿಲ್ಲ.

ಈ ಯಮ್ಮನ ಪರಿಚಯ ನನಗಾದದ್ದು ಕುಕ್ಕರಿನಿಂದ. ಮೊದಲ ಚಳಿಗಾಲ. ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜ, ಎಂಬತ್ತರ ಹತ್ತಿರ, ಒಬ್ಬರೇ. ಒಂದು ಭಾನುವಾರ ಬೆಳಗ್ಗೆ ಏಳಕ್ಕೇ ನಾನು ಬೇಳೆ ಇಟ್ಟೆ. ನಾಲ್ಕು ವಿಷಲ್. ಐದನೆಯದಕ್ಕೆ ಬಾಗಿಲು ಬಡಿಯಿತು. ನೋಡಿದರೆ ಅಜ್ಜ, ನೈಟ್ ಡ್ರೆಸ್ ಮೇಲೆ ಕೋಟು, ಕೈಯಲ್ಲಿ ಒಂದು ಫೈಲು. ಬೆಂಕಿ ಅಲಾರಂ ಅಂದುಕೊಂಡು ಮನೆ ಪತ್ರ ಎತ್ತಿಕೊಂಡು ಹೊರಟಿದ್ದರು. ನನಗೆ ಸ್ವೀಡಿಶ್ ಬಾರದು. ಕುಕ್ಕರನ್ನೇ ಬಟ್ಟೆಯಲ್ಲಿ ಹಿಡಿದು ತಂದು ತೋರಿಸಿದೆ. ಸರಿಯಾಗಿ ಆ ಹೊತ್ತಿಗೆ ಅದು ಇನ್ನೊಮ್ಮೆ ಉಸ್ಸೆಂದಿತು. ಅಜ್ಜ ಎರಡು ಹೆಜ್ಜೆ ಹಿಂದೆ ಸರಿದರು.

ವಾರದ ಮೇಲೆ ಕಾಫಿಗೆ ಕರೆದರು. ದಾಲ್ಚಿನ್ನಿ ಬನ್ನು, ಕಪ್ಪು ಕಾಫಿ, ಗೋಡೆ ತುಂಬ ಎಲ್‌ಪಿ ರೆಕಾರ್ಡು. ಒಂದನ್ನು ತೆಗೆದು, ಅಂಗಿ ತೋಳಿನಿಂದ ಒರೆಸಿ, ಮುಳ್ಳಿಟ್ಟು, "ಇದು ನಮ್ಮ ಕುಕ್ಕರ್" ಅಂದರು. ವಾಗ್ನರ್ ಬರೆದ ವಾಲ್ಕ್ಯೂರ ಅನ್ನುವ ಒಪೆರಾದಲ್ಲಿ ಯುದ್ಧದ ದೇವತೆ ಒಬ್ಬಳು ‘ಹೊಯೊತೊಹೋ’ ಅಂತ ಕೂಗುತ್ತಾ ಬರುತ್ತಾಳೆ. ಕೂಗು ಅಂದರೆ ಕಿರುಚಾಟ ಅಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಏಣಿ ಇಲ್ಲದೆ ಹಾರುವುದು. ಆ ಧ್ವನಿಯಲ್ಲಿ ಒಂಚೂರೂ ಒದ್ದಾಟ ಇರಲಿಲ್ಲ. ಬೆಳ್ಳಿ ತಂತಿ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ನಾನು ಬನ್ನು ಕೈಯಲ್ಲೇ ಹಿಡಿದು ಕೂತೆ.

ಒಪೆರಾ ಅಂದರೆ ಏನು ಅಂತ ನಿನ್ನ ಕ್ಲಾಸಿನವರಿಗೆ ಗೊತ್ತಿರುತ್ತದೆ, ನಿನಗೆ ನಾನು ಹೇಳುತ್ತೇನೆ. ನಮ್ಮ ಹಳ್ಳಿಯಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ, ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವದವರೆಗೆ, ದುರ್ಯೋಧನ ಸಿಟ್ಟು ಬಂದರೂ ಹಾಡುತ್ತಾನೆ, ಸಾಯುವಾಗಲೂ ಹಾಡುತ್ತಾನೆ. ಇದೂ ಅದೇ. ಹಾರ್ಮೋನಿಯಂ ಮೇಷ್ಟರ ಜಾಗದಲ್ಲಿ ನೂರು ಜನರ ವಾದ್ಯಮೇಳ. ಮೈಕ್ ಇಲ್ಲ. ಆ ನೂರು ಜನರನ್ನು ದಾಟಿ ಕೊನೇ ಸಾಲಿನವನ ಕಿವಿಗೆ ತಲುಪಬೇಕು, ಅದೂ ನಾಲ್ಕೈದು ಗಂಟೆ.

ಈಗ ನಿನ್ನ ಭಾಷಣಕ್ಕೆ ಬೇಕಾದ ಭಾಗ. ಊರಿನ ಹತ್ತಿರದ ಒಬ್ಬ ಚರ್ಚ್ ಕಾಯರ್ ಮೇಷ್ಟರು ಹುಡುಗಿಯ ಧ್ವನಿ ಕೇಳಿ, ಇದು ಇಲ್ಲಿ ಇರುವಂಥದ್ದಲ್ಲ, ಸರಿಯಾಗಿ ಕಲಿಸಬೇಕು ಅಂದರು. ಓಸ್ತೋರ್ಪ್ ಅನ್ನುವ ಊರಿನಲ್ಲಿ ರಗ್ನಾರ್ ಬ್ಲೆನ್ನೋವ್ ಅನ್ನುವವರ ಹತ್ತಿರ ಆರು ತಿಂಗಳ ಪಾಠ. ಆಮೇಲೆ 1941ರಲ್ಲಿ ಸ್ಟಾಕ್‌ಹೋಮ್‌ನ ರಾಯಲ್ ಮ್ಯೂಸಿಕ್ ಅಕಾಡೆಮಿಯ ಪರೀಕ್ಷೆ. 47 ಜನರಲ್ಲಿ ಮೊದಲ ಸ್ಥಾನ, ಜೊತೆಗೆ ಕ್ರಿಸ್ಟಿನಾ ನಿಲ್ಸನ್ ಹೆಸರಿನ ವಿದ್ಯಾರ್ಥಿವೇತನ. ಈ ಕ್ರಿಸ್ಟಿನಾ ಬೇರೆಯವಳು, ನಿಲ್ಸನ್ ಅನ್ನುವುದು ಇಲ್ಲಿ ನಮ್ಮ ಗೌಡ ಇದ್ದ ಹಾಗೆ, ಕಲ್ಲೆಸೆದರೆ ಒಬ್ಬ ಸಿಗುತ್ತಾನೆ. ಆಕೆಯೂ ಬಡ ರೈತರ ಮಗಳು, ಪಕ್ಕದ ಸ್ಮೋಲಂಡ್ ಪ್ರಾಂತ್ಯದವಳು, 19ನೇ ಶತಮಾನದ ದೊಡ್ಡ ಗಾಯಕಿ. ಆ ಹೆಸರು ನೆನಪಿಟ್ಟುಕೊ, ಆಮೇಲೆ ಬೇಕಾಗುತ್ತದೆ.

ಅಕಾಡೆಮಿ ಸೇರಿದ ತಕ್ಷಣ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡ. ಅಲ್ಲಿನ ಮೇಷ್ಟರುಗಳು ತಮ್ಮ ಧ್ವನಿಯನ್ನೇ ಹಾಳು ಮಾಡುವುದರಲ್ಲಿದ್ದರು ಅಂತ ಈ ಯಮ್ಮ ಕೊನೆಯವರೆಗೂ ಹೇಳಿಕೊಂಡು ತಿರುಗಿದರು. 1946ರಲ್ಲಿ ಮೊದಲ ಅವಕಾಶ ಬಂತು. ಸ್ಟಾಕ್‌ಹೋಮ್ ಒಪೆರಾದಲ್ಲಿ ಹಾಡಬೇಕಾಗಿದ್ದ ಗಾಯಕಿಗೆ ಹುಷಾರಿಲ್ಲ, ವೇಬರ್ ಬರೆದ ಒಪೆರಾದ ಅಗಾತೆ ಪಾತ್ರ, ಮೂರೇ ದಿನದ ಗಡುವು. ವಾದ್ಯಮೇಳದ ನಿರ್ದೇಶಕ ಲಿಯೋ ಬ್ಲೆಖ್ ಒಳ್ಳೇ ಮಾತಿನ ಮನುಷ್ಯ ಅಲ್ಲ. ಹೊಸಬಳು ತಪ್ಪಿದಾಗ ಬೈದರು. ಮನಸ್ಸು ಮುರಿದುಹೋಯಿತು. ಮುಂದಿನ ವರ್ಷ ಫ್ರಿಟ್ಸ್ ಬುಶ್ ಅನ್ನುವ ಇನ್ನೊಬ್ಬ ನಿರ್ದೇಶಕ ವರ್ಡಿಯ ಲೇಡಿ ಮ್ಯಾಕ್‌ಬೆತ್ ಪಾತ್ರ ಕೊಟ್ಟ ಮೇಲೆಯೇ ಸ್ಟಾಕ್‌ಹೋಮ್ ತಲೆಯೆತ್ತಿ ನೋಡಿದ್ದು.

ನೀನು 30 ಕಡೆ ಅರ್ಜಿ ಹಾಕಿ ಎರಡೇ ಕಡೆಯಿಂದ ಉತ್ತರ ಬಂತು ಅಂತ ಬರೆದಿದ್ದೀಯಲ್ಲ. ನನ್ನ ಮೊದಲ ಕೆಲಸದ ಕಥೆಯೂ ಚೆನ್ನಾಗಿಲ್ಲ. ಒಂದು ಕಂಪನಿಯವರು ಮೂರು ತಿಂಗಳು ಬರೀ ಟ್ರಯಲ್ ಅಂತ ದುಡಿಸಿಕೊಂಡು, ನಿನ್ನ ಸ್ವೀಡಿಶ್ ಸಾಲದು ಅಂತ ಕಳಿಸಿದರು. ಟ್ರಾಮ್ ಇಲ್ಲದ ಊರಲ್ಲಿ ಬಸ್ಸಿಗೂ ಕಾಯದೆ ಮಳೆಯಲ್ಲಿ ನಡೆದುಕೊಂಡು ಮನೆಗೆ ಬಂದೆ. ಕೆಳಗಿನ ಅಜ್ಜ ಬಾಗಿಲಲ್ಲಿ ನಿಂತಿದ್ದರು, ಮುಖ ನೋಡಿ ಏನೂ ಕೇಳಲಿಲ್ಲ. ಲಿಯೋ ಬ್ಲೆಖ್ ಕಥೆ ಹೇಳಿದರು. ಅರ್ಧ ಅರ್ಥವಾಯಿತು. ಅಷ್ಟು ಸಾಕಾಗಿತ್ತು.

1948ರಲ್ಲಿ ಮದುವೆ. ಗಂಡ ಬರ್ಟಿಲ್ ನಿಕ್ಲಾಸನ್, ಪಶುವೈದ್ಯ ಓದುತ್ತಿದ್ದ ಹುಡುಗ, ಸಿಕ್ಕಿದ್ದು ರೈಲಿನಲ್ಲಿ. ರೈತನನ್ನು ಮದುವೆಯಾಗಲಿಲ್ಲ ಅಂತ ಅಪ್ಪನಿಗೆ ಬೇಜಾರಾಗಿದ್ದರೂ, ಹಸುವಿಗೆ ಹತ್ತಿರದವನೇ ಅಲ್ವಾ.

ಆಮೇಲೆ ಬೇಗ ಬೇಗ ಹೇಳುತ್ತೇನೆ, ಈ ಭಾಗ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. 1951ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಒಪೆರಾ ಉತ್ಸವ. 1954ರಲ್ಲಿ ಜರ್ಮನಿಯ ಬೈರೋಯ್ಟ್, ವಾಗ್ನರ್ ತಾನೇ ಕಟ್ಟಿಸಿದ ರಂಗಮಂದಿರ. ಅದೇ ವರ್ಷ ಸ್ವೀಡನ್ ರಾಜನಿಂದ ‘ಆಸ್ಥಾನ ಗಾಯಕಿ’ ಬಿರುದು. 1958ರಲ್ಲಿ ಮಿಲಾನಿನ ಲಾ ಸ್ಕಾಲಾ ಒಪೆರಾ ಮನೆಯ ಸೀಸನ್ ಶುರುವಾದದ್ದೇ ಇವರ ತುರಾಂದೊತ್ ಪಾತ್ರದಿಂದ. ಇಟಲಿಯವರ ಒಪೆರಾ, ಇಟಲಿಯವರ ಮನೆ, ಹಾಡಿದ್ದು ಆಲೂಗಡ್ಡೆ ಹೊಲದ ಹುಡುಗಿ. ಆಚೆ ದಡದ ಡೆನ್ಮಾರ್ಕಿನವರೂ ತಮ್ಮ ಸೊನ್ನಿಂಗ್ ಸಂಗೀತ ಪ್ರಶಸ್ತಿ ಕೊಟ್ಟರು.

ನ್ಯೂಯಾರ್ಕ್ ಮಾತ್ರ ನಿಧಾನವಾಗಿ ಹೇಳಬೇಕು. 1959ರ ಡಿಸೆಂಬರ್ 18, ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲ ರಾತ್ರಿ. ವಾಗ್ನರ್‌ನ ಒಪೆರಾದಲ್ಲಿ ಇಸೋಲ್ಡೆ ಪಾತ್ರ. ಮರುದಿನ ನ್ಯೂಯಾರ್ಕ್ ಟೈಮ್ಸ್ ಅದನ್ನು ಮುಖಪುಟದಲ್ಲಿ ಹಾಕಿತು. ಹತ್ತು ದಿನದ ಮೇಲೆ, 28ನೇ ತಾರೀಕು, ಮತ್ತೆ ಅದೇ ಒಪೆರಾ. ನಾಯಕ ತ್ರಿಸ್ತಾನ್ ಪಾತ್ರಧಾರಿಗೆ ಹುಷಾರಿಲ್ಲ. ಬದಲಿಗೆ ಇದ್ದವನಿಗೂ ಹುಷಾರಿಲ್ಲ. ಅವನ ಬದಲಿಗೂ ಇಲ್ಲ! ಮ್ಯಾನೇಜರ್ ರುಡಾಲ್ಫ್ ಬಿಂಗ್ ಮೂವರ ಕಾಲಿಗೂ ಬಿದ್ದ ಹಾಗೆ ಮಾಡಿ, ಒಬ್ಬೊಬ್ಬರು ಒಂದೊಂದು ಅಂಕ ಹಾಡಿ ಅಂತ ಒಪ್ಪಿಸಿದರು. ಪರದೆ ಮುಂದೆ ಬಂದು, ಪುಣ್ಯಕ್ಕೆ ಈ ಒಪೆರಾದಲ್ಲಿ ಇರುವುದು ಮೂರೇ ಅಂಕ ಅಂದರು. ಒಂದು ರಾತ್ರಿ, ಮೂವರು ನಾಯಕರು, ಒಬ್ಬಳೇ ನಾಯಕಿ. ನಮ್ಮ ಕುರುಕ್ಷೇತ್ರದಲ್ಲೂ ಒಂದು ವರ್ಷ ಹೀಗಾಗಿತ್ತು. ಭೀಮನ ಪಾತ್ರದವನು ಊಟದ ನಂತರ ಮಲಗಿಬಿಟ್ಟು, ಗದಾಯುದ್ಧಕ್ಕೆ ಬೇರೆ ಭೀಮ ಬಂದ. ಜನ ಗಲಾಟೆ ಮಾಡಲಿಲ್ಲ, ಎರಡನೆಯವನೇ ದಪ್ಪ ಇದ್ದ.

ಇಸೋಲ್ಡೆ ಪಾತ್ರವನ್ನು ಅವರು 200ಕ್ಕೂ ಜಾಸ್ತಿ ಸಲ ಹಾಡಿದರು. ಅದಕ್ಕೆ ಮುಖ್ಯವಾಗಿ ಏನು ಬೇಕು ಅಂತ ಕೇಳಿದರೆ, ಕಾಲಿಗೆ ಹಿತವಾದ ಶೂ ಅನ್ನುತ್ತಿದ್ದರು. ನವೆಂಬರಿನಲ್ಲಿ ಇಲ್ಲಿನ ಮಂಜುಗಟ್ಟಿದ ಫುಟ್‌ಪಾತಿನ ಮೇಲೆ ಬಾಟಾ ಚಪ್ಪಲಿಯಲ್ಲಿ ಜಾರಿ ಬಿದ್ದವಳು ನಾನು. ನನ್ನ ಸಲಹೆಯೂ ಅದೇ, ಬೇರೆ ಯಾವುದರಲ್ಲಿ ಉಳಿಸಿದರೂ ಶೂನಲ್ಲಿ ಉಳಿಸಬೇಡ.

ಇನ್ನೊಂದು ಸಲ ನಿರ್ದೇಶಕ ಕಾರಾಯನ್ ರಂಗದ ಮೇಲೆ ತೀರಾ ಕತ್ತಲು ಇಟ್ಟಿದ್ದಕ್ಕೆ, ಇವರು ರಿಹರ್ಸಲ್‌ಗೆ ಗಣಿ ಕೆಲಸದವರು ಹಾಕುವ ದೀಪದ ಹೆಲ್ಮೆಟ್ ಹಾಕಿಕೊಂಡು ಬಂದರು. ಸ್ಕೋನೆಯವರ ತಮಾಷೆ ಹೀಗೇ. ಮುಖದ ಮೇಲೆ ಒಂದು ಗೆರೆಯೂ ಅಲ್ಲಾಡುವುದಿಲ್ಲ. ನಿನ್ನ ಮೇಲಿನ ಮನೆಯವನು ಏನಾದರೂ ಹೇಳಿ ಸುಮ್ನೆ ನಿಂತರೆ, ಬೈದ ಅಂತ ಅಂದುಕೊಳ್ಳಬೇಡ. ಜೋಕ್ ಇರಬಹುದು.

ಟ್ಯಾಕ್ಸ್ ಬಗ್ಗೆಯೂ ಕೇಳಿದ್ದೆ, ಗಂಡನ ಸಂಬಳದಲ್ಲಿ ಇಷ್ಟೊಂದು ಹೋಗುತ್ತದಲ್ಲಾ ಅಂತ. ಹೋಗುತ್ತದೆ. ಈ ಯಮ್ಮನಿಗೂ ಅದೇ ತಲೆನೋವು. ಅಮೆರಿಕದಲ್ಲಿ ಟ್ಯಾಕ್ಸ್ ಫಾರಂ ತುಂಬುವಾಗ, ನಿಮ್ಮನ್ನು ನಂಬಿಕೊಂಡು ಬದುಕುವವರು ಯಾರಾದರೂ ಇದ್ದಾರಾ ಅಂತ ಕೇಳಿದ್ದಕ್ಕೆ, ಇದ್ದಾರೆ, ರುಡಾಲ್ಫ್ ಬಿಂಗ್ ಅಂದರಂತೆ. ಆದರೆ ತಮಾಷೆಯಿಂದ ಬಾಕಿ ತೀರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ತೆರಿಗೆ ಇಲಾಖೆಯ ಜೊತೆ ದೊಡ್ಡ ಮೊತ್ತದ ಜಗಳವಾಗಿ, ಹಲವು ವರ್ಷ ಆ ದೇಶಕ್ಕೇ ಕಾಲಿಡಲಿಲ್ಲ. ಕಂತಿನಲ್ಲಿ ಕಟ್ಟುವ ಒಪ್ಪಂದವಾದ ಮೇಲೆ 1979ರಲ್ಲಿ ಮತ್ತೆ ಮೆಟ್ರೊಪಾಲಿಟನ್ ಒಪೆರಾಗೆ ಬಂದರು. ಅಷ್ಟು ದೊಡ್ಡ ಧ್ವನಿಗೂ ಬಿಡಲಿಲ್ಲ, ನಮ್ಮನ್ನು ಬಿಡುತ್ತಾರಾ? ಮಾರ್ಚ್‌ನಲ್ಲಿ ಸ್ಕತ್ತೆವರ್ಕೆತ್‌ನಿಂದ, ಅಂದರೆ ಇಲ್ಲಿನ ತೆರಿಗೆ ಕಚೇರಿಯಿಂದ, ಫಾರಂ ಬರುತ್ತದೆ. ಅವರೇ ಅಂಕಿ ತುಂಬಿ ಕಳಿಸಿರುತ್ತಾರೆ. ನೋಡದೆ ಒಪ್ಪಿಗೆ ಒತ್ತಬೇಡ. ಊರಿನ ಬಾಡಿಗೆ ಮನೆಯ ಆದಾಯ ಇದ್ದರೆ ಅದನ್ನೂ ಹೇಳು.

ಈಗ ನಿನ್ನ ಎರಡನೇ ಪ್ರಶ್ನೆ. ಇಷ್ಟೆಲ್ಲ ಸುತ್ತಿದ ಹೆಂಗಸು ತನ್ನ ಊರನ್ನು ಏನು ಮಾಡಿದರು?

ಊರು ಬಿಟ್ಟು ಬದುಕಿದರು, ಆದರೆ ಊರಿನ ಕೆಲಸ ಬಿಡಲಿಲ್ಲ. ವಿಯೆನ್ನಾ, ನ್ಯೂಯಾರ್ಕ್, ಮಿಲಾನ್ ಅಂತ ಕ್ಯಾಲೆಂಡರ್ ತುಂಬಿದ್ದಾಗಲೂ ಬೇಸಿಗೆಯಲ್ಲಿ ಊರಿಗೆ ಬಂದು, ತಾವು ಚಿಕ್ಕವರಿದ್ದಾಗ ಹಾಡಿದ ಅದೇ ಚರ್ಚಿನಲ್ಲಿ ಕಚೇರಿ ಮಾಡುತ್ತಿದ್ದರು. ಆ ದುಡ್ಡು ಮನೆಗಲ್ಲ. 1973ರಿಂದ ಯುವ ಸ್ವೀಡಿಶ್ ಗಾಯಕರಿಗೆ ಒಂದು ವಿದ್ಯಾರ್ಥಿವೇತನ ಶುರು ಮಾಡಿದರು. ತನಗೆ ಒಬ್ಬ ಹಳೇ ನಿಲ್ಸನ್ ಹೆಸರಿನಲ್ಲಿ ಸಿಕ್ಕಿದ್ದನ್ನು ಈ ನಿಲ್ಸನ್ ಮುಂದಕ್ಕೆ ದಾಟಿಸಿದರು. ಕೆಳಗಿನ ಅಜ್ಜ ಒಮ್ಮೆ ಆ ಚರ್ಚಿನಲ್ಲಿ ಕೂತು ಕೇಳಿದ್ದರಂತೆ. ಏನು ನೆನಪಿದೆ ಅಂತ ಕೇಳಿದೆ. ಹಾಡು ಮುಗಿದ ಮೇಲೆ ಹೊರಗೆ ನಿಂತು, ಈ ಸಲ ಆಲೂಗಡ್ಡೆ ಹೇಗೆ ಅಂತ ಯಾರನ್ನೋ ವಿಚಾರಿಸುತ್ತಿದ್ದರು ಅಂದರು. ಹಾಡಿನ ಬಗ್ಗೆ ಏನೂ ಹೇಳಲಿಲ್ಲ.

ಅವರು ಬಾಯಲ್ಲಿ ಸ್ಕೋನೆಯನ್ನೂ ಬಿಡಲಿಲ್ಲ. ನೀನು ಬರೆದಿದ್ದೀಯ, ಆಪ್‌ನಲ್ಲಿ ಕಲಿತ ಸ್ವೀಡಿಶ್ ಬೇರೆ, ಬಸ್ ಡ್ರೈವರ್ ಆಡುವ ಸ್ವೀಡಿಶ್ ಬೇರೆ ಅಂತ. ಹೌದು. 1658ರವರೆಗೆ ಈ ಪ್ರಾಂತ್ಯ ಡೆನ್ಮಾರ್ಕಿನದು. ಇಲ್ಲಿನವರ ‘ರ’ ನಾಲಿಗೆ ತುದಿಯಲ್ಲಿ ಹುಟ್ಟುವುದಿಲ್ಲ, ಗಂಟಲಲ್ಲಿ ಹುಟ್ಟುತ್ತದೆ. ಸ್ಟಾಕ್‌ಹೋಮ್‌ನವರು ಇದನ್ನು ಕೇಳಿ ನಗುತ್ತಾರೆ, ಬಾಯಲ್ಲಿ ಗಂಜಿ ಇಟ್ಟುಕೊಂಡು ಮಾತಾಡುತ್ತಾರೆ ಅನ್ನುತ್ತಾರೆ. ಬೆಂಗಳೂರಿನಲ್ಲಿ ಕಾಲೇಜು ಸೇರಿದಾಗ ನನ್ನ "ಏನ್ಲಾ", "ಬತ್ತೀನಿ" ಕೇಳಿ ಹಾಸ್ಟೆಲ್ ಹುಡುಗಿಯರು ನಕ್ಕಿದ್ದು ನೆನಪಾಯಿತು. ನಾನು ಆರು ತಿಂಗಳಲ್ಲಿ ಭಾಷೆ ಬದಲಾಯಿಸಿಕೊಂಡೆ. ಈಗ ಅದಕ್ಕೆ ಸ್ವಲ್ಪ ನಾಚಿಕೆಯಾಗುತ್ತದೆ.

1983ರ ಅಕ್ಟೋಬರ್ 22. ಮೆಟ್ರೊಪಾಲಿಟನ್ ಒಪೆರಾಗೆ ನೂರು ವರ್ಷ. ಅದರ ಬಾಗಿಲು ತೆರೆದದ್ದು 1883ರ ಅದೇ ದಿನ, ಆ ರಾತ್ರಿ ನಾಯಕಿಯಾಗಿ ಹಾಡಿದ್ದು ಯಾರು ಗೊತ್ತಾ? ಕ್ರಿಸ್ಟಿನಾ ನಿಲ್ಸನ್. ನೆನಪಿಟ್ಟುಕೊ ಅಂದಿದ್ದೆನಲ್ಲ. ನೂರು ವರ್ಷದ ಹಬ್ಬದಲ್ಲಿ 65ರ ಬಿರ್ಗಿಟ್ ನಿಲ್ಸನ್ ಬಂದರು. ಮೊದಲು ಇಸೋಲ್ಡೆ. ಆಮೇಲೆ ಜಗತ್ತಿನ ದೊಡ್ಡ ದೊಡ್ಡ ಹಾಡುಗಾರರು ಸೇರಿದ್ದ ಆ ಸಭೆಯಲ್ಲಿ, ಒಂದು ಸಣ್ಣ ಸ್ವೀಡಿಶ್ ಜಾನಪದ ಹಾಡು. ಅದರ ವಿಡಿಯೋ ಸಿಗುತ್ತದೆ, ನೋಡು. ವಾಗ್ನರ್ ಹಾಡುವಾಗಿನ ನಿಲುವು ಬೇರೆ, ಇದನ್ನು ಹಾಡುವಾಗಿನ ನಿಲುವು ಬೇರೆ. ಎರಡನೆಯದರಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತ ಹಾಗಿದ್ದಾರೆ.

ಮುಂದಿನ ವರ್ಷ ನಿವೃತ್ತಿ. ವಾಪಸ್ ಸ್ಕೋನೆಗೆ. ಕೊನೆಗಾಲದಲ್ಲಿ ಕ್ರಿಸ್ಟಿಯಾನ್‌ಸ್ಟಾಡ್ ಹತ್ತಿರದ ಹಳ್ಳಿಯಲ್ಲಿದ್ದರು. 2005ರ ಕ್ರಿಸ್‌ಮಸ್ ದಿನ ತೀರಿಕೊಂಡರು, 87 ವರ್ಷ. ಸುದ್ದಿ ಹೊರಗೆ ಬಂದದ್ದು ಜನವರಿ 11ಕ್ಕೆ, ವೆಸ್ತ್ರಾ ಕಾರುಪ್ ಚರ್ಚಿನಲ್ಲಿ ಅಂತ್ಯಕ್ರಿಯೆ ಮುಗಿದ ದಿನ. ಊರಿನವರು ಮಾಡುವುದನ್ನೆಲ್ಲ ಮಾಡಿ ಮುಗಿಸಿದ ಮೇಲೆ ಜಗತ್ತಿಗೆ ತಿಳಿಯಿತು. ಆಮೇಲೆ ಇನ್ನೊಂದು ಗುಟ್ಟು ಹೊರಬಿತ್ತು. ಜೀವಮಾನವೆಲ್ಲ ಗಳಿಸಿದ್ದನ್ನು ಒಂದು ಪ್ರಶಸ್ತಿಗೆ ಇಟ್ಟಿದ್ದರು, ಹತ್ತು ಲಕ್ಷ ಡಾಲರಿನದು. ಮೊದಲನೆಯದು ಯಾರಿಗೆ ಅಂತ ತಾವೇ ಬರೆದು ಲಕೋಟೆಗೆ ಅಂಟು ಹಾಕಿ ಹೋಗಿದ್ದರು. 2009ರಲ್ಲಿ ತೆರೆದರೆ ಪ್ಲಾಸಿಡೋ ಡೊಮಿಂಗೊ ಹೆಸರು. 2018ರಲ್ಲಿ, ಬಿರ್ಗಿಟ್ ಹುಟ್ಟಿ ನೂರು ವರ್ಷವಾದಾಗ, ಇನ್ನೊಬ್ಬ ಸ್ವೀಡಿಶ್ ಹಾಡುಗಾರ್ತಿ ನೀನಾ ಸ್ಟೆಮ್ಮೆಗೆ ಬಂತು.

ಇದನ್ನೆಲ್ಲ ಓದಿ ನೀನು ಹೇಳಬಹುದು, ಆಕೆಗೇನಕ್ಕ, ಊರು ರೈಲಿನ ದೂರದಲ್ಲಿತ್ತು, ನಮಗೆ ವಿಮಾನ ಬದಲಿಸಿ 15 ಗಂಟೆ. ನಿಜ. ನಾವು ಇರುವುದು ಆಕೆಯ ಊರಲ್ಲಿ, ನಮ್ಮ ಊರಲ್ಲಲ್ಲ. ನಾನು ಅದನ್ನು ಮುಚ್ಚಿ ಹೇಳುವುದಿಲ್ಲ. ಆದರೂ ನನ್ನ ಒಂದು ವಿಷಯ ಕೇಳು.

ಮೊದಲ ಆರು ವರ್ಷ ನಾನು ಊರಿಗೆ ನೆಂಟರ ಹಾಗೆ ಹೋಗುತ್ತಿದ್ದೆ. ಒಂದು ಸೂಟ್‌ಕೇಸ್ ಚಾಕಲೇಟು. ಬಸ್ ಇಳಿದ ತಕ್ಷಣ ಚಿಕ್ಕಪ್ಪನ ಮೊದಲ ಪ್ರಶ್ನೆ, "ಯಾವಾಗ ಹೊರಡೋದು?" ಪ್ರೀತಿಯಿಂದಲೇ ಕೇಳುತ್ತಿದ್ದರು, ಆದರೆ ಚುಚ್ಚುತ್ತಿತ್ತು. ಸಂಕ್ರಾಂತಿಗೆ ದನ ಕಿಚ್ಚು ಹಾಯಿಸುವಾಗ ನಾನು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಾ ನಿಂತಿದ್ದೆ. ಯಾರೋ ಹುಡುಗ "ಆಂಟಿ, ಸೈಡಿಗೆ ಬನ್ನಿ" ಅಂದ. ನಮ್ಮ ಮನೆ ಮುಂದೆಯೇ!

ಆ ವರ್ಷ ವಾಪಸ್ ಬಂದು ಅಜ್ಜನ ಹತ್ತಿರ ಇದನ್ನು ಹೇಳಿದೆ. ಅವರ ಭಾಷೆಯಲ್ಲಿ ಹೆಮ್‌ಲೆಂಗ್ತಾನ್ ಅಂತ ಒಂದು ಪದ ಇದೆ, ಮನೆಯ ಹಂಬಲ. ಆ ಪದ ಹೇಳಿ ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ. "ಅಲ್ಲಿ ನಿನಗೇನು ಕೆಲಸ ಇದೆ?" ಅಂತ ಕೇಳಿದರು. ಇಲ್ಲ ಅಂದೆ. "ಮತ್ತೆ?" ಅಂದರು, ಅಷ್ಟೇ.

ಈಗ ನಮ್ಮೂರ ಕುರುಕ್ಷೇತ್ರ ನಾಟಕದ ಲೆಕ್ಕ ನನ್ನದು. ಸೀನರಿಯವರ ಅಡ್ವಾನ್ಸು, ಹಾರ್ಮೋನಿಯಂ ಮೇಷ್ಟರ ಬಾಬತ್ತು, ಲೈಟು, ಊಟ, ಯಾರ್ಯಾರ ಚಂದಾ ಬಾಕಿ, ಎಲ್ಲ ಒಂದು ಶೀಟಿನಲ್ಲಿ. ನನ್ನದೂ ಒಂದು ಪಾಲು ಹಾಕುತ್ತೇನೆ, ಆದರೆ ಬರೀ ದುಡ್ಡು ಕಳಿಸಿದ್ದರೆ ಇನ್ನೊಂದು ಥರದ ಚಾಕಲೇಟ್ ಆಗುತ್ತಿತ್ತು. ಒಂದು ವರ್ಷ ಲೈಟಿನವನು ಅಡ್ವಾನ್ಸ್ ತಗೊಂಡು ಬರಲೇ ಇಲ್ಲ. ಇಲ್ಲಿ ಸಂಜೆ ಐದೂವರೆ, ಅಲ್ಲಿ ರಾತ್ರಿ ಹತ್ತು. ದುರ್ಯೋಧನ ಬಣ್ಣ ಹಚ್ಚಿಕೊಂಡೇ ವಿಡಿಯೋ ಕಾಲ್ ಮಾಡಿ ನನಗೆ ಬೈದ. ಕಿರೀಟ ಒಂದು ಕಡೆ ವಾಲಿತ್ತು. ನಾನು ಆಫೀಸಿನ ಕಾರಿಡಾರಿನಲ್ಲಿ ನಿಂತು ಪಕ್ಕದೂರಿನ ಇನ್ನೊಬ್ಬ ಲೈಟಿನವನ ನಂಬರ್ ಹುಡುಕಿ ಕೊಟ್ಟೆ. ಹನ್ನೊಂದೂವರೆಗೆ ನಾಟಕ ಶುರುವಾಯಿತು. ಈಗ ಚಿಕ್ಕಪ್ಪ ಫೋನಿನಲ್ಲಿ ಕೇಳುವುದು, "ಯಾವಾಗ ಬತ್ತೀಯವ್ವ, ಲೆಕ್ಕ ಕೊಡಬೇಕು."

ಅಜ್ಜ ತೀರಿಕೊಂಡು ಬಹಳ ವರ್ಷವಾಯಿತು. ಆ ಎಲ್‌ಪಿಯನ್ನು ಅವರ ಮಗಳು ನನಗೆ ಕೊಟ್ಟರು. ಹಾಕಲು ಯಂತ್ರ ಇಲ್ಲ, ಗೋಡೆಗೆ ಆನಿಸಿ ಇಟ್ಟಿದ್ದೇನೆ.

ವೆಸ್ತ್ರಾ ಕಾರುಪ್‌ಗೆ ಒಮ್ಮೆ ಹೋಗಿ ಬಾ. ಮಾಲ್ಮೊದಿಂದ ರೈಲು, ಬೋಸ್ಟಾಡ್‌ನಲ್ಲಿ ಇಳಿಯಬೇಕು. ಅದಕ್ಕೆ ಮೊದಲು ಹಾಲಂಡ್ಸೋಸ್ ಗುಡ್ಡದ ಕೆಳಗೆ ಸುಮಾರು 8.7 ಕಿಲೋಮೀಟರ್ ಸುರಂಗ ಬರುತ್ತದೆ. 1992ರಲ್ಲಿ ಶುರು ಮಾಡಿ 2015ರ ಕೊನೆಗೆ ಮುಗಿಸಿದರು. ಸ್ವೀಡನ್‌ನಲ್ಲಿ ಎಲ್ಲ ಟೈಮಿಗೆ ಸರಿಯಾಗಿ ಆಗುತ್ತದೆ ಅಂತ ಯಾರಾದರೂ ನಿನಗೆ ಹೇಳಿದರೆ ಈ ಸುರಂಗ ನೆನೆಸಿಕೊ. ಅಲ್ಲಿಂದ ಮುಂದೆ ಬಸ್ಸು. ಅವರು ಬೆಳೆದ ಮನೆ ಈಗ ಮ್ಯೂಸಿಯಂ. ಸಮಾಧಿ ಚರ್ಚಿನ ಅಂಗಳದಲ್ಲಿ. ಚಳಿಗಾಲದಲ್ಲಿ ಹೋಗಬೇಡ, ಬಾಗಿಲು ಹಾಕಿರಬಹುದು, ಗಾಳಿಯಂತೂ ಕಿವಿ ಕೀಳುತ್ತದೆ. ಬೇಸಿಗೆಯಲ್ಲಿ ಹೋಗು, ಆಲೂಗಡ್ಡೆ ಹೊಲಗಳೂ ಹಸಿರಾಗಿರುತ್ತವೆ.

ಸಂಗೀತದ ವಿಷಯ. ರಾತ್ರಿ ಹತ್ತರ ಮೇಲೆ ಬೇಡ, ಬೆಳಗಿನ ಜಾವ ಬೇಡ. ಮಿಕ್ಕ ಹೊತ್ತಿನಲ್ಲಿ ಹಾಡು. ಮೊದಲು ಕೆಳಗಿನ ಮತ್ತು ಪಕ್ಕದ ಮನೆಯವರಿಗೆ ಒಂದು ಚೀಟಿ ಬರೆದು ಹಾಕು, ಇಷ್ಟರಿಂದ ಇಷ್ಟರವರೆಗೆ ಅಭ್ಯಾಸ ಮಾಡುತ್ತೇನೆ, ತೊಂದರೆಯಾದರೆ ಹೇಳಿ ಅಂತ. ಚೀಟಿ ಸ್ವೀಡಿಶ್‌ನಲ್ಲಿ ಇರಲಿ, ತಪ್ಪಿದ್ದರೂ ಪರವಾಗಿಲ್ಲ. ನಿನ್ನ ಸರಳೆ, ಜಂಟಿ ವರಸೆ ನನ್ನ ಕುಕ್ಕರಿಗಿಂತ ಮೇಲು.

ಭಾಷಣ ಯಾವಾಗ? ಬುಧವಾರ ಅಂದಿದ್ದೆ ಅಲ್ವಾ. ಶನಿವಾರ ಮಧ್ಯಾಹ್ನ ಮನೆಗೆ ಬಾ, ನನ್ನ ಮುಂದೆ ಒಂದು ಸಲ ಹೇಳಿ ನೋಡು. ಮೊಲ್ಲೆವಾಂಗನ್ ಮಾರುಕಟ್ಟೆ ಹತ್ತಿರದ ಅಂಗಡಿಯಲ್ಲಿ ಕರಿಬೇವು ಬಂದಿರುತ್ತದೆ, ಬರುವಾಗ ಒಂದು ಕಟ್ಟು ತಗೊಂಡು ಬಾ. ಆ ಅಂಗಡಿಯವನು ಇನ್ನೂ ಕ್ಯಾಶ್ ತಗೊಳ್ಳುತ್ತಾನೆ. ಆದರೆ ಆ 500ರ ನೋಟು ಮುರಿಸಬೇಡ, ಕ್ಲಾಸಿನಲ್ಲಿ ತೋರಿಸಲು ಬೇಕು.